ಟ್ಯೂಷನ್, ಕಾರ್ಡು, ಆ್ಯಪ್, ಎಐ: ಮಲೆನಾಡಿನ ಮಕ್ಕಳಿಗೆ ಯಾವುದು ಹೊಂದುತ್ತದೆ?

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದುವ ಮಕ್ಕಳಿಗೆ ಏನು ಕೊಡಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿತದಲ್ಲಿ ಹಿಂದೆ ಬಿದ್ದಿರುವ ಮಗುವಿಗೆ, ಅದರ ಮಟ್ಟ ನೋಡಿ ಲೆಕ್ಕ ಕೊಡುವ ಅಭ್ಯಾಸದ ಆ್ಯಪ್. ವಿಜ್ಞಾನ, ಸಮಾಜ, ಇಂಗ್ಲಿಷ್ ಶಬ್ದಗಳಿಗೆ, ದಿನ ಬಿಟ್ಟು ಮತ್ತೆ ಮತ್ತೆ ಕೇಳುವ ಪ್ರಶ್ನೆ ಕಾರ್ಡುಗಳು. ಎಐ ಜೊತೆ ಮಾತಾಡಿ ಕಲಿಯುವುದಕ್ಕೆ ಮೂರನೆಯ ಜಾಗ, ಅದೂ ಷರತ್ತಿನ ಮೇಲೆ. ವಿಡಿಯೊ ಪಾಠಗಳಿಗೆ ವರ್ಷದ ಚಂದಾ ಕಟ್ಟುವ ಯೋಚನೆ ಎಲ್ಲಕ್ಕಿಂತ ಕೊನೆಗೆ. ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಕಲಿಸುವ ಟ್ಯೂಷನ್ ಮೇಷ್ಟ್ರು ಇದ್ದರೆ ಈ ಸರದಿಯೇ ಬದಲಾಗುತ್ತದೆ. ಆದರೆ ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಅಂಥವರು ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುವುದು ಅಪರೂಪ.

ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುವವನು. ಯಾವ ಸಾಧನ ಬಂದರೂ ಎರಡೇ ಪ್ರಶ್ನೆ ಕೇಳಿ ನೋಡುತ್ತೇನೆ. ಇದು ಉತ್ತರ ತೋರಿಸುವ ಮೊದಲು ಮಗುವಿನ ತಲೆಯಿಂದ ಉತ್ತರವನ್ನು ಹೊರಗೆ ತೆಗೆಸುತ್ತದೆಯೇ? ಹಾಗೆ ತೆಗೆಸಿದ್ದನ್ನು ಕೆಲವು ದಿನ ಕಳೆದ ಮೇಲೆ ಮತ್ತೆ ಕೇಳುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ, ಅದರ ಮೇಲೆ ಎಐ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ನನಗೆ ಬೇಡ.

ಮಿದುಳಿನ ಕಡೆಯಿಂದ ನೋಡಿದರೆ

1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲೇ ಬಹಳ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಅಂತರ ಬಿಟ್ಟು ಮರಳಿ ಕಲಿತರೆ ಆ ಇಳಿಜಾರು ಪ್ರತಿ ಸಲವೂ ತಗ್ಗುತ್ತದೆ. ಅಲ್ಲಿಂದೀಚೆಗೆ ಈ ಮಾತನ್ನು ಯಾರೂ ಸುಳ್ಳು ಮಾಡಿಲ್ಲ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ವರ್ಷ ಪೋಷಕರ ಸಭೆಯಲ್ಲಿ ಹೇಳುತ್ತೇನೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಶೇ. 40, ಬರೆದವರಿಗೆ ಶೇ. 61. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಾಗಿದ್ದದ್ದು ನಾಲ್ಕು ಸರದಿ ಓದಿದವರಿಗೇ.

ನಮ್ಮ ಮಕ್ಕಳ ಕಷ್ಟವೂ ಇದೇ. ಬಸ್ಸಿನಲ್ಲಿ ಕುಳಿತು ನೂರು ಸಲ ಹೋದ ದಾರಿಯಲ್ಲಿ ಒಂದು ದಿನ ನಡೆದು ಹೋಗು ಎಂದರೆ ಮೊದಲ ಕವಲಿನಲ್ಲೇ ನಿಲ್ಲುತ್ತೇವೆ. ಪುಟ ಪರಿಚಿತವಾಗಿ ಕಂಡ ಮಾತ್ರಕ್ಕೆ ಪಾಠ ಬಂದಂತಾಗುವುದಿಲ್ಲ. ಅಡಿಗೆರೆ ಹಾಕುವುದು, ಬಣ್ಣದ ಪೆನ್ನು ತಿಕ್ಕುವುದು, ಮತ್ತೆ ಮತ್ತೆ ಓದುವುದು: ಮಕ್ಕಳು ಅತಿ ಹೆಚ್ಚು ಮಾಡುವ ಈ ಮೂರೂ ಅತಿ ಕಡಿಮೆ ಫಲ ಕೊಡುವ ವಿಧಾನಗಳು. 2013ರಲ್ಲಿ ಡನ್‌ಲೋಸ್ಕಿ ಮತ್ತು ಸಂಗಡಿಗರು ಹತ್ತು ಕಲಿಕಾ ವಿಧಾನಗಳನ್ನು ಒರೆಗೆ ಹಚ್ಚಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಂತರ ಬಿಟ್ಟು ಅಭ್ಯಾಸ ಮಾಡುವುದು, ಈ ಎರಡಕ್ಕೇ ಮೇಲಿನ ಸ್ಥಾನ ಕೊಟ್ಟರು.

ಇನ್ನು ನಿದ್ದೆ. ಹಗಲು ಕಲಿತದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ನೆಚ್ಚಿಕೊಂಡಿರುತ್ತದೆ. ಗಾಢ ನಿದ್ದೆಯ ಹೊತ್ತಿನಲ್ಲಿ ಆ ನೆನಪುಗಳು ಮರುಕಳಿಸಿ ಮಿದುಳಿನ ಹೊರಪದರದಲ್ಲಿ ನೆಲೆ ಕಾಣುತ್ತವೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮನೆಗಳಲ್ಲಿ ಒಂದೆಲಗದ ತಂಬುಳಿ ಹೆಚ್ಚಾಗುತ್ತದೆ, ಅದರ ಹಿಂದಿನ ಪ್ರೀತಿ ದೊಡ್ಡದು. ಆ ಪ್ರೀತಿಯಲ್ಲಿ ಎಂಟು ಗಂಟೆ ನಿದ್ದೆಯೂ ಸೇರಲಿ. ರಾತ್ರಿ ಹನ್ನೊಂದರವರೆಗೆ ಓದಿದ ಮಗುವನ್ನು ಬೆಳಗಿನ ನಾಲ್ಕಕ್ಕೆ ಎಬ್ಬಿಸಬೇಡಿ.

ಮಿದುಳು ವಿಜ್ಞಾನದ ಹೆಸರಿನಲ್ಲಿ ಮಾರುವ ಎಲ್ಲವೂ ವಿಜ್ಞಾನವಲ್ಲ. ಬೆರಳಚ್ಚು ತೆಗೆದು ಮಗುವಿನ ಬುದ್ಧಿಯ ಬಗೆ ಹೇಳುವುದು, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ತರಬೇತಿ, ಎಡಮಿದುಳಿನ ಮಗು, ಬಲಮಿದುಳಿನ ಮಗು ಎಂಬ ವಿಂಗಡಣೆ, ಇವು ಯಾವುದಕ್ಕೂ ಆಧಾರವಿಲ್ಲ. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬ ನಂಬಿಕೆಗೂ 2008ರ ಪರಿಶೀಲನೆಯಲ್ಲಿ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಆ್ಯಪ್ ಮಾರಲು ಬಂದವರು ಈ ಮಾತುಗಳಿಂದ ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ.

ಮಟ್ಟಕ್ಕೆ ಹೊಂದಿಕೊಳ್ಳುವ ಆ್ಯಪ್: ಯಾರಿಗೆ, ಏಕೆ

ಹತ್ತನೇ ತರಗತಿಯ ವರ್ಗಸಮೀಕರಣದ ಒಂದು ಲೆಕ್ಕ: x² − 5x − 14 = 0. ಅಪವರ್ತಿಸಲು, ಗುಣಿಸಿದರೆ −14, ಕೂಡಿದರೆ −5 ಬರುವ ಎರಡು ಸಂಖ್ಯೆ ಬೇಕು. ಉತ್ತರ −7 ಮತ್ತು +2. ನನ್ನ ತರಗತಿಯಲ್ಲಿ ಹಲವರು +7, −2 ಎಂದು ಬರೆಯುತ್ತಾರೆ. ಗುಣಲಬ್ಧ ಸರಿ, ಮೊತ್ತದ ಚಿಹ್ನೆ ತಪ್ಪು. ಇಂಥ ಮಗುವಿಗೆ ವರ್ಗಸಮೀಕರಣದ ಇಪ್ಪತ್ತು ಲೆಕ್ಕ ಹೆಚ್ಚಿಗೆ ಕೊಟ್ಟರೆ ಇಪ್ಪತ್ತೂ ತಪ್ಪುತ್ತವೆ. ತೊಡಕಿರುವುದು ಎಷ್ಟೋ ಕೆಳಗಿನ ತರಗತಿಯ ಪೂರ್ಣಾಂಕಗಳ ಸಂಕಲನದಲ್ಲಿ. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ತೊಡಕು ಎಲ್ಲಿದೆ ಎಂದು ಹುಡುಕುತ್ತ ಕೂರಲು ನನಗೆ ಹೊತ್ತು ಸಾಲುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುವ ಸಂಗತಿ, ಈ ಕೆಲಸಕ್ಕೆ ಯಂತ್ರದ ನೆರವು ಬೇಕು ಎಂದು ನಾನು ಹೇಳುವುದೂ ಇದಕ್ಕಾಗಿಯೇ.

ಇಂಥ ಆ್ಯಪ್‌ಗಳ ಹಿಂದಿನ ಒಂದು ಹಳೆಯ ಲೆಕ್ಕಾಚಾರವನ್ನು 1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಾರ್ಬೆಟ್ ಮತ್ತು ಆಂಡರ್ಸನ್ ರೂಪಿಸಿದರು. ಮಗು ಒಂದು ಉತ್ತರ ಕೊಟ್ಟಾಗ ಅದು ನಾಲ್ಕು ಸಂಭವನೀಯತೆಗಳನ್ನು ತೂಗುತ್ತದೆ: ಈ ಮಗುವಿಗೆ ಇದು ಮೊದಲೇ ಬರುತ್ತಿತ್ತೇ, ಈ ಲೆಕ್ಕ ಮಾಡುವಾಗ ಕಲಿತಿತೇ, ಬಾರದಿದ್ದರೂ ಊಹೆಯಿಂದ ಸರಿಯಾಯಿತೇ, ಬರುತ್ತಿದ್ದರೂ ಕೈತಪ್ಪಿತೇ. ಒಂದು ಸರಿ ಉತ್ತರಕ್ಕೆ ಅದು ‘ಬಂತು’ ಎಂದು ತೀರ್ಮಾನಿಸುವುದಿಲ್ಲ, ಒಂದು ತಪ್ಪಿಗೆ ಕೈಬಿಡುವುದೂ ಇಲ್ಲ. ಒಳ್ಳೆಯ ಮೇಷ್ಟ್ರು ಮನಸ್ಸಿನಲ್ಲಿ ಮಾಡುವ ಅಂದಾಜು ಇದೇ ಅಲ್ಲವೇ?

ಫಲ ಸಿಕ್ಕಿದೆಯೇ ಎಂದರೆ, ನಮ್ಮ ದೇಶದಲ್ಲೇ ಸಿಕ್ಕಿದೆ. ದೆಹಲಿಯ ಕಲಿಕಾ ಕೇಂದ್ರಗಳಲ್ಲಿ, ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಮುರಳೀಧರನ್, ಸಿಂಗ್, ಗನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ನಾಲ್ಕೂವರೆ ತಿಂಗಳಲ್ಲಿ, ಈ ಅವಕಾಶ ಸಿಗದ ಮಕ್ಕಳಿಗಿಂತ ಇವರು ಗಣಿತದಲ್ಲೂ ಹಿಂದಿಯಲ್ಲೂ ಸ್ಪಷ್ಟವಾಗಿ ಮುಂದೆ ಹೋದರು. ಆದರೆ ಜಾಹೀರಾತಿನವರು ಹೇಳದ ಒಂದು ವಿವರವಿದೆ. ಆ ಕೇಂದ್ರಗಳಲ್ಲಿ ದಿನಕ್ಕೆ ಒಂದೂವರೆ ಗಂಟೆಯ ಅವಧಿ. ಅದರಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರ್, ಇನ್ನರ್ಧ ಹೊತ್ತು ಸಣ್ಣ ಗುಂಪಿಗೆ ಶಿಕ್ಷಕರ ನೆರವು. ತಂತ್ರಾಂಶವನ್ನು ಮಗುವಿನ ಕೈಗೆ ಕೊಟ್ಟು ದೊಡ್ಡವರು ಎದ್ದು ಹೋದರೆ ಅದೇ ಫಲ ಬರುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ.

ದುಡ್ಡು ಕೊಡದೆ ಶುರು ಮಾಡಬೇಕು ಎನ್ನುವವರಿಗೆ ಖಾನ್ ಅಕಾಡೆಮಿ ಇದೆ. ಅದು ಉಚಿತ, ಗಣಿತ ಕನ್ನಡದಲ್ಲೂ ಸಿಗುತ್ತದೆ. ಪ್ರತಿ ಕೌಶಲಕ್ಕೂ ಮಟ್ಟ ಗುರುತಿಸುತ್ತದೆ, ಮುಂದಿನ ಪರೀಕ್ಷೆಯಲ್ಲಿ ತಪ್ಪಿದರೆ ಮಟ್ಟ ಇಳಿಸುತ್ತದೆ. ಹತ್ತನೆಯ ಮಗುವನ್ನು ಕೆಳಗಿನ ತರಗತಿಯ ಪಾಠಕ್ಕೆ ಕರೆದೊಯ್ಯುವ ಕೆಲಸವನ್ನು ಮಾತ್ರ ನೀವೇ ಮಾಡಬೇಕು. ಇಲ್ಲಿ ಮಗುವಿನ ಮರ್ಯಾದೆಯ ಪ್ರಶ್ನೆಯೂ ಇದೆ. ‘ನಿನಗೆ ಏಳನೇ ಕ್ಲಾಸಿನದೂ ಬರುವುದಿಲ್ಲ’ ಎಂದು ಒಮ್ಮೆ ಆಡಿದ ಮಾತು ಆರು ತಿಂಗಳ ಅಭ್ಯಾಸವನ್ನು ಕೆಡಿಸುತ್ತದೆ. ಆ್ಯಪ್ ಹಾಗೆ ಆಡುವುದಿಲ್ಲ ಎಂಬುದು ಅದರ ದೊಡ್ಡ ಗುಣ.

ಕಾರ್ಡು: ರಟ್ಟಿನ ಪೆಟ್ಟಿಗೆಯೋ ಅಂಕಿ (Anki) ಆ್ಯಪೋ

1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು ಜನಪ್ರಿಯಗೊಳಿಸಿದ ಪೆಟ್ಟಿಗೆಗೆ ಬೇಕಾದದ್ದು ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬ, ಹಳೆಯ ಮದುವೆ ಕಾಗದ, ಒಂದು ಕತ್ತರಿ. ಡಬ್ಬದಲ್ಲಿ ಐದು ಖಾನೆ ಮಾಡಿ. ಕಾರ್ಡಿನ ಒಂದು ಬದಿಗೆ ಪ್ರಶ್ನೆ: ‘ಶ್ವಾಸಕೋಶದಿಂದ ಬರುವ ರಕ್ತ ಹೃದಯದ ಯಾವ ಕೋಣೆಗೆ ಮೊದಲು ಸೇರುತ್ತದೆ?’ ಇನ್ನೊಂದು ಬದಿಗೆ: ‘ಎಡ ಹೃತ್ಕರ್ಣ.’ ಮೊದಲ ಖಾನೆಯ ಕಾರ್ಡುಗಳನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ನೋಡುವುದು. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ. ಉತ್ತರವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಕಾರ್ಡು ತಿರುಗಿಸಬೇಕು. ಮನಸ್ಸಿನಲ್ಲೇ ‘ಗೊತ್ತು’ ಎಂದುಕೊಂಡು ತಿರುಗಿಸುವ ಮಗು ಮತ್ತೆ ಬರೀ ಓದುತ್ತಿದೆ ಎಂದೇ ಅರ್ಥ.

ಅಂಕಿ ಎಂಬ ಆ್ಯಪ್ ಇದೇ ಪೆಟ್ಟಿಗೆಯ ಜಾಣ ರೂಪ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಹೊರತಂದದ್ದು. ಕಂಪ್ಯೂಟರಿನಲ್ಲೂ ಆ್ಯಂಡ್ರಾಯ್ಡ್ ಮೊಬೈಲಿನಲ್ಲೂ ಉಚಿತ, ಐಫೋನಿಗೆ ಮಾತ್ರ ದುಡ್ಡು. 2023ರಿಂದ ಅದರಲ್ಲಿ ಬಂದಿರುವ ಹೊಸ ಲೆಕ್ಕಾಚಾರ, ಬಳಸುವವರ ಹಿಂದಿನ ಉತ್ತರಗಳನ್ನೇ ನೋಡಿ ಅವರ ಮರೆವಿನ ವೇಗವನ್ನು ಅಂದಾಜು ಮಾಡುತ್ತದೆ, ಯಾವ ಕಾರ್ಡನ್ನು ಎಷ್ಟು ದಿನಕ್ಕೆ ತೋರಿಸಬೇಕು ಎಂದು ನಿರ್ಧರಿಸುತ್ತದೆ. ಪೆಟ್ಟಿಗೆಯಲ್ಲಿ ಎಲ್ಲರಿಗೂ ಒಂದೇ ಅಂತರ. ಇಲ್ಲಿ ಪ್ರತಿ ಮಗುವಿಗೂ, ಪ್ರತಿ ಕಾರ್ಡಿಗೂ ಬೇರೆ. ಇದೆಲ್ಲ ಮೊಬೈಲಿನೊಳಗೇ ನಡೆಯುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ನಿಂತುಹೋಗುವ ನಮ್ಮ ಕಡೆಗೆ ಈ ಒಂದು ಗುಣವೇ ಸಾಕು. ಮಳೆ ರಜೆ ಮೇಲಿಂದ ಮೇಲೆ ಬರುವ ವಾರಗಳಲ್ಲಿ ಕಲಿಕೆಯ ಎಳೆ ತುಂಡಾಗದಂತೆ ಕಾಯುವುದಕ್ಕೂ ಇದು ಒದಗುತ್ತದೆ.

ಎರಡರಲ್ಲಿ ಯಾವುದು? ಪಿಯುಸಿ ವಿಜ್ಞಾನ ಓದುತ್ತ ಸಿಇಟಿ, ನೀಟ್‌ಗೆ ಸಿದ್ಧರಾಗುವವರ ಕಾರ್ಡುಗಳು ಸಾವಿರ ದಾಟುತ್ತವೆ, ಅವರಿಗೆ ಅಂಕಿಯೇ ಸರಿ. ಹತ್ತನೇ ತರಗತಿಯವರಿಗೆ, ಮೊಬೈಲಿಗೆ ಅವಕಾಶವಿಲ್ಲದ ಹಾಸ್ಟೆಲಿನಲ್ಲಿ ಇರುವವರಿಗೆ, ಅಪ್ಪ ತೋಟಕ್ಕೆ ಹೋಗುವಾಗ ಮನೆಯ ಒಂದೇ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಹೋಗುವ ಮನೆಯ ಮಕ್ಕಳಿಗೆ ರಟ್ಟಿನ ಪೆಟ್ಟಿಗೆಯನ್ನೇ ಹೇಳುತ್ತೇನೆ. ಪೆಟ್ಟಿಗೆಗೆ ಇನ್ನೊಂದು ಅನುಕೂಲವಿದೆ: ಮನೆಯವರೂ ಸೇರಿಕೊಳ್ಳಬಹುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆ ಜಗಲಿಯಲ್ಲಿ ಎಲ್ಲರೂ ಸುಲಿಯಲು ಕೂರುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅಜ್ಜಿ ಕಾರ್ಡು ಓದಿ ಕೇಳುತ್ತಾರೆ, ಮೊಮ್ಮಗಳು ಅಡಿಕೆ ಸುಲಿಯುತ್ತಲೇ ಉತ್ತರ ಹೇಳುತ್ತಾಳೆ. ಅಜ್ಜಿಗೆ ವಿಜ್ಞಾನ ಗೊತ್ತಿರಬೇಕಿಲ್ಲ, ಉತ್ತರ ಹಿಂದಿನ ಬದಿಯಲ್ಲೇ ಇದೆ.

ಕಾರ್ಡುಗಳನ್ನು ಮಗುವೇ ಬರೆಯಬೇಕು. ಬೇರೆಯವರು ಮಾಡಿದ ರಾಶಿ ಕಾರ್ಡುಗಳನ್ನು ಇಳಿಸಿಕೊಂಡವರು ಬಹುಬೇಗ ಕೈಬಿಡುತ್ತಾರೆ. ಒಂದು ಕಾರ್ಡಿಗೆ ಒಂದೇ ವಿಷಯ. ಅರ್ಥವಾಗದ್ದನ್ನು ಕಾರ್ಡಿಗೆ ಇಳಿಸಬಾರದು. ಮೊದಲು ಪಾಠ ತಿಳಿಯಲಿ, ಆಮೇಲೆ ಕಾರ್ಡು.

ಎಐ ಜೊತೆ ಮಾತುಕತೆ

ಈ ಬಗ್ಗೆ ಪೋಷಕರಲ್ಲಿ ಅತಿ ಹೆಚ್ಚು ಆಸೆ ಇದೆ, ಶಿಕ್ಷಕರಲ್ಲಿ ಅತಿ ಹೆಚ್ಚು ಭಯ ಇದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನ ಎರಡನ್ನೂ ಸರಿಯಾದ ಅಳತೆಗೆ ತರುತ್ತದೆ. ಗಣಿತದ ಅಭ್ಯಾಸಕ್ಕೆ ಒಂದು ಗುಂಪಿಗೆ ಚಾಟ್‌ಜಿಪಿಟಿಯಂಥ ಮಾಮೂಲಿ ಎಐ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಅವರ ಅಂಕ ಶೇ. 48ರಷ್ಟು ಏರಿತು. ಆಮೇಲೆ ಅದನ್ನು ತೆಗೆದುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಬಳಸದವರಿಗಿಂತ ಶೇ. 17ರಷ್ಟು ಕೆಳಗೆ ಬಿದ್ದರು. ಇನ್ನೊಂದು ಗುಂಪಿಗೆ, ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರು ಕಟ್ಟಿಹಾಕಿದ ಎಐ ಸಿಕ್ಕಿತ್ತು. ಅಭ್ಯಾಸದಲ್ಲಿ ಅವರ ಏರಿಕೆ ಶೇ. 127. ಪರೀಕ್ಷೆಯಲ್ಲಿ ಆ ನಷ್ಟ ಬಹುಮಟ್ಟಿಗೆ ಇಲ್ಲವಾಯಿತು, ಆದರೆ ಎಐ ಬಳಸದವರಿಗಿಂತ ಮುಂದೆಯೂ ಹೋಗಲಿಲ್ಲ. ಉತ್ತರ ಕೈಗೆ ಬಂದುಬಿಟ್ಟರೆ ತಲೆಯಿಂದ ಹೊರತೆಗೆಯುವ ಕೆಲಸ ನಡೆಯುವುದೇ ಇಲ್ಲ. ನನ್ನ ಮೊದಲ ಪ್ರಶ್ನೆಯೂ ಅದೇ ತಾನೇ.

2025ರಲ್ಲಿ ಚಾಟ್‌ಜಿಪಿಟಿಗೆ ‘ಸ್ಟಡಿ ಮೋಡ್’, ಗೂಗಲ್‌ನ ಜೆಮಿನಿಗೆ ‘ಗೈಡೆಡ್ ಲರ್ನಿಂಗ್’ ಬಂದಿವೆ. ಇವು ಉತ್ತರ ಕೊಡುವ ಬದಲು ಮರುಪ್ರಶ್ನೆ ಹಾಕಿ ಮುನ್ನಡೆಸುತ್ತವೆ. ಆದರೆ ಮಗು ಒಂದು ಒತ್ತಿಗೆ ಆ ಬಗೆಯಿಂದ ಹೊರಗೆ ಬರಬಹುದು. ಹಾಗಾಗಿ ನಾನು ಇಡುವ ಷರತ್ತು ಸರಳ. ಮೊದಲು ನೋಟ್‌ಬುಕ್ಕಿನಲ್ಲಿ ಲೆಕ್ಕ ಪೂರ್ತಿ ಮಾಡಬೇಕು, ತಪ್ಪಿದ್ದರೂ ಚಿಂತೆಯಿಲ್ಲ. ಆಮೇಲೆ ಎಐಗೆ ಹೀಗೆ ಬರೆಯಬೇಕು: ‘ನಾನು ಹತ್ತನೇ ತರಗತಿ. ಇದು ನಾನು ಮಾಡಿದ ಲೆಕ್ಕ. ಉತ್ತರ ಹೇಳಬೇಡ. ಯಾವ ಸಾಲಿನಲ್ಲಿ ತಪ್ಪಿದ್ದೇನೆ ಎಂದು ಮಾತ್ರ ತೋರಿಸಿ, ನನಗೆ ಒಂದು ಪ್ರಶ್ನೆ ಕೇಳು.’ ಹೀಗೆ ಬಳಸಿದರೆ ರಾತ್ರಿ ಒಂಬತ್ತಕ್ಕೆ, ಕೇಳಲು ಯಾರೂ ಇಲ್ಲದ ಮನೆಯಲ್ಲಿ, ಅದು ನಿಜಕ್ಕೂ ಆಸರೆ. ಅಕ್ಕ, ಅಣ್ಣ ಓದಿರದ ಮನೆಯ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಇಂಥ ಆಸರೆ ಹಿಂದೆಂದೂ ಇರಲಿಲ್ಲ ಎಂಬುದನ್ನು ನಾನು ಮರೆಯುವುದಿಲ್ಲ.

ಕನ್ನಡ ಮಾಧ್ಯಮದವರು ಒಂದು ಎಚ್ಚರ ವಹಿಸಬೇಕು. ಎಐ ಬಳಸುವ ಪಾರಿಭಾಷಿಕ ಪದಗಳು ನಮ್ಮ ಪಠ್ಯಪುಸ್ತಕದ್ದೇ ಆಗಿರುವುದಿಲ್ಲ. ಪುಸ್ತಕದಲ್ಲಿ ‘ವರ್ಗಸಮೀಕರಣ’ ಇದ್ದರೆ ಅದು ಬೇರೇನೋ ಬರೆದೀತು. ಪಾಠದ ಆ ಪುಟದ ಫೋಟೊ ಕೊಟ್ಟು, ಇದರಲ್ಲಿರುವ ಪದಗಳನ್ನೇ ಬಳಸು ಎಂದು ಹೇಳುವುದು ಒಳ್ಳೆಯದು. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ, ಆದ್ದರಿಂದ ಕೊನೆಯ ಮಾತು ಪಠ್ಯಪುಸ್ತಕದ್ದು.

ವಿಡಿಯೊ ಪಾಠ, ಟ್ಯೂಷನ್

ವಿಡಿಯೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಥವಾಗದ ಒಂದು ವಿಷಯಕ್ಕೆ ಹತ್ತು ನಿಮಿಷದ ವಿಡಿಯೊ ಒಳ್ಳೆಯದು, ಅದು ಯೂಟ್ಯೂಬಿನಲ್ಲೂ ಸರ್ಕಾರದ ದೀಕ್ಷಾ ತಾಣದಲ್ಲೂ ಉಚಿತವಾಗಿ ಸಿಗುತ್ತದೆ. ಎರಡು ಮೂರು ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟುವ ಮುನ್ನ, 2024ರ ಜುಲೈನಲ್ಲಿ ಬೈಜೂಸ್‌ನಂಥ ದೊಡ್ಡ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು ಎಂಬುದನ್ನು ನೆನಪಿಡಿ. ತಿಂಗಳ ಲೆಕ್ಕದಲ್ಲಿ ಕಟ್ಟಲು ಬಿಡದ ಯಾವ ಚಂದಾವನ್ನೂ ತೆಗೆದುಕೊಳ್ಳಬೇಡಿ, ಸಾಲ ಮಾಡಿಯಂತೂ ಬೇಡವೇ ಬೇಡ.

ಟ್ಯೂಷನ್ನಿಗೆ ಶಿವಮೊಗ್ಗಕ್ಕೋ ಸಾಗರಕ್ಕೋ ಕಳುಹಿಸುವುದಾದರೆ ಪ್ರಯಾಣದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆದು, ಅರವತ್ತು ಮಕ್ಕಳ ನಡುವೆ ಕುಳಿತು ಶಾಲೆಯ ಪಾಠವನ್ನೇ ಇನ್ನೊಮ್ಮೆ ಕೇಳುವುದರಿಂದ ಬರುವುದು ಬಹಳ ಕಡಿಮೆ. ಊರಲ್ಲೇ ಇರುವ ನಿವೃತ್ತ ಶಿಕ್ಷಕರೋ, ಪದವಿ ಮುಗಿಸಿ ಮನೆಯಲ್ಲಿರುವ ಹುಡುಗಿಯೋ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ವಾರಕ್ಕೆ ಮೂರು ದಿನ ಲೆಕ್ಕ ಮಾಡಿಸಿದರೆ, ಅದಕ್ಕೆ ಯಾವ ಆ್ಯಪೂ ಸಮನಲ್ಲ. ಅಂಥವರ ಕೈಗೆ ಉಚಿತ ಆ್ಯಪಿನ ವರದಿಯೂ ಸಿಕ್ಕರೆ, ದೆಹಲಿಯ ಆ ಕೇಂದ್ರಗಳಲ್ಲಿದ್ದ ವ್ಯವಸ್ಥೆ ನಮ್ಮ ಊರಲ್ಲೇ ಆದಂತೆ. ಒಂದು ಕೇರಿಯ ನಾಲ್ಕು ಮನೆಯವರು ಸೇರಿ ಇದನ್ನು ಮಾಡಬಹುದು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ದುಡ್ಡು ಕಟ್ಟುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಬಹುತೇಕ ಆ್ಯಪ್‌ಗಳು ಕೆಲವು ದಿನ ಉಚಿತವಾಗಿ ಬಳಸಲು ಬಿಡುತ್ತವೆ. ಸುಮಾರು ಒಂದೇ ಕಷ್ಟದ ಎರಡು ಸಣ್ಣ ಪಾಠಗಳನ್ನು ಆರಿಸಿಕೊಳ್ಳಿ. ಒಂದನ್ನು ಮಗು ಆ್ಯಪಿನಲ್ಲಿ ಕಲಿಯಲಿ. ಇನ್ನೊಂದನ್ನು ಪಠ್ಯಪುಸ್ತಕದಿಂದ ಓದಿ, ಪುಸ್ತಕ ಮುಚ್ಚಿ ಬರೆದು, ಕಾರ್ಡು ಮಾಡಿ ಕಲಿಯಲಿ. ಎರಡಕ್ಕೂ ಕೊಡುವ ಹೊತ್ತು ಒಂದೇ ಇರಲಿ. ಅದೇ ದಿನ ಪರೀಕ್ಷೆ ಮಾಡಬೇಡಿ. ಅಂದು ಆ್ಯಪಿನದೇ ಮೇಲುಗೈ ಆದರೂ ಅದರಿಂದ ಏನೂ ತಿಳಿಯುವುದಿಲ್ಲ. ಎಂಟನೇ ದಿನ ಮೊಬೈಲ್ ಬದಿಗಿಟ್ಟು, ಬಿಳಿ ಹಾಳೆ ಕೊಟ್ಟು, ಎರಡೂ ಪಾಠಗಳ ಅಭ್ಯಾಸದಿಂದ ಐದೈದು ಪ್ರಶ್ನೆ ಕೊಡಿ. ಬಹು ಆಯ್ಕೆಯವು ಬೇಡ, ಬರೆದು ಉತ್ತರಿಸುವವೇ ಇರಲಿ. ಉತ್ತರಗಳನ್ನು ತಿದ್ದಲು ನಿಮಗೆ ಬಾರದಿದ್ದರೆ ಶಾಲೆಗೆ ಕಳುಹಿಸಿ, ಯಾವ ಮೇಷ್ಟ್ರೂ ಇಲ್ಲ ಎನ್ನುವುದಿಲ್ಲ. ಆ್ಯಪಿನ ಹಾಳೆಯಲ್ಲಿ ಎದ್ದು ಕಾಣುವಷ್ಟು ಹೆಚ್ಚು ಅಂಕ ಬಂದರೆ ಒಂದು ತಿಂಗಳಿಗೆ ಕಟ್ಟಿ ನೋಡಿ. ಎರಡೂ ಸಮವಾಗಿದ್ದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮೇಜು ದೀಪ ತನ್ನಿ, ಕರೆಂಟ್ ಹೋದಾಗಲೂ ಉರಿಯುವಂಥ ಚಾರ್ಜಿನ ದೀಪ.